ತಂಗಿಯ ಪ್ರಮೇಯ

ನನ್ನ ತಂಗಿ ನನ್ನ ಪ್ರಮೇಯವನ್ನು ಸಾಧಿಸಿಬಿಟ್ಟಳು. ನನ್ನದು ಅಂದರೆ, ಅದರ ಬೆನ್ನು ಹತ್ತಿ ತಲೆ ನರೆಸಿಕೊಂಡವಳು ನಾನು. ಅವಳು ಮೊನ್ನೆ ಮೊನ್ನೆ ನಮ್ಮ ಗಣಿತ ವಿಭಾಗಕ್ಕೆ ಸೇರಿ, ಕೈ ಹಾಕಿ, ಎತ್ತಿಕೊಂಡು ಹೋದಳು. ಹೊಟ್ಟೆ ಉರಿಯದಿರಲು ನಾನೇನು ಕಲ್ಲೇ?

ವಿಷಯ ಇಷ್ಟು. ಗ್ರೂಪ್ ಅಂದರೆ ತಮ್ಮತಮ್ಮಲ್ಲೇ ಗುಣಿಸಿಕೊಳ್ಳಬಲ್ಲ ಸದಸ್ಯರ ಗುಂಪು. ಅದರಲ್ಲಿ ಪ್ರತಿಯೊಬ್ಬನಿಗೂ ಹೊಂದಿಕೊಳ್ಳುವವರು ಕೆಲವರಿರುತ್ತಾರೆ. ಅವರನ್ನು ಇವನ ಎಡಕ್ಕಿಟ್ಟು ಗುಣಿಸಿದರೂ ಬಲಕ್ಕಿಟ್ಟು ಗುಣಿಸಿದರೂ ಉತ್ತರ ಒಂದೇ. ಆ ಕೂಟವೇ ಅವನ ಸೆಂಟ್ರಲೈಸರ್. ಇನ್ನು ಗ್ರೂಪನ್ನು ಪದರ ಪದರವಾಗಿ ಬಿಡಿಸಿದಾಗ ಒಂದೊಂದು ಪದರದಲ್ಲೂ ಎಲ್ಲರಿಗೂ ಎಲ್ಲರೊಂದಿಗೆ ಹೊಂದಿಕೆಯಿದ್ದರೆ ಅದು ಸಾಲ್ವಬಲ್. ಸೆಂಟ್ರಲೈಸರುಗಳೆಲ್ಲ ಸಾಧುವಾಗಿದ್ದರೆ, ಅಂದರೆ ನಾನು ಹಾಕಿದ ಕೆಲವು ಷರತ್ತುಗಳನ್ನು ಪಾಲಿಸಿದರೆ, ಇಡೀ ಗ್ರೂಪ್ ಸಾಲ್ವಬಲ್ ಆಗಲೇಬೇಕು ಅನ್ನುವುದು ನನಗೆ ಹಿಡಿದ ಹುಚ್ಚು. ಈಗ ಅದು ಅವಳ ಹೆಸರಿಗೆ ಹೋಗುವುದರಲ್ಲಿತ್ತು.

ನಮ್ಮಲ್ಲೊಂದು ಪದ್ಧತಿಯಿದೆ. ಯಾವ ಪ್ರೂಫ್ ಆದರೂ ಹೊರಗೆ ಹೋಗುವ ಮುಂಚೆ ಮೇಷ್ಟ್ರು ಒಬ್ಬರನ್ನು ಎದುರಾಳಿ ಮಾಡುತ್ತಾರೆ. ಎದುರಾಳಿ ಎದ್ದು ನಿಂತು ಪ್ರಶ್ನೆ ಕೇಳಬೇಕು, ಒಪ್ಪಿದ ಮೇಲೆ ಕೂರಬೇಕು. ಕೂರದಿದ್ದರೆ ಪ್ರೂಫ್ ಬಿತ್ತು ಅಂತ ಅರ್ಥ. ಈ ಸಲ ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು.

"ಇದರ ಒಳಹೊರಗು ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಮ್ಮ?"

ಗಾಯದ ಮೇಲೆ ಉಪ್ಪು ಸವರಿದ ಹಾಗಾಯಿತು.

ತಂಗಿ ಬೋರ್ಡಿನ ಮುಂದೆ ನೀರು ಹರಿದಂತೆ ಹೇಳಿಕೊಂಡು ಹೋದಳು. ಎಲ್ಲರೂ ತಲೆದೂಗುತ್ತಿದ್ದರು, ನಾನು ಮಾತ್ರ ಹದ್ದಿನ ಕಣ್ಣಿಟ್ಟು ಕಾಯುತ್ತಿದ್ದೆ. ಅವಳು ಗ್ರೂಪಿನಲ್ಲಿ ಎಕ್ಸ್ ಅನ್ನುವವನೊಬ್ಬನನ್ನು ಹಿಡಿದು, ಒಂದು ಪದರ ಕಳಚಿ ಕೆಳಗಿನ ಚಿಕ್ಕ ಗ್ರೂಪಿಗೆ ಇಳಿದು, "ಕೆಳಗೆ ಎಕ್ಸ್ ಜೊತೆ ಹೊಂದಿಕೊಳ್ಳೋರೆಲ್ಲ ಮೇಲಿನ ಸೆಂಟ್ರಲೈಸರಿಂದಲೇ ಇಳಿದು ಬಂದೋರು" ಅಂದಳು.

"ಯಾಕೆ?" ಅಂದೆ.

"ಯಾಕೆ ಅಂದ್ರೆ... ಬರ್ತಾರಲ್ಲ ಅಕ್ಕ."

"ಕ್ವಾಟರ್ನಿಯನ್ ಗ್ರೂಪ್ ತಗೋ. ಇರೋರೇ ಎಂಟು ಜನ. ಒಂದು ಪದರ ತೆಗೆದ್ರೆ ಕೆಳಗೆ ಎಲ್ಲರೂ ಹೊಂದ್ಕೋತಾರೆ. ಮೇಲೆ ಐ ಅನ್ನೋನ ಜೊತೆ ಹೊಂದ್ಕೊಳ್ಳೋರು ನಾಲ್ಕೇ ಜನ. ಉಳಿದೋರು ಎಲ್ಲಿಂದ ಇಳಿದ್ರು?"

ತಂಗಿಯ ಮುಖ ಬಿಳಿಚಿಕೊಂಡಿತು. ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು.

ಆ ಖುಷಿಯಲ್ಲಿ ಬೋರ್ಡನ್ನು ಇನ್ನೊಮ್ಮೆ ನೋಡಿದ್ದೇ ತಪ್ಪಾಯಿತು. ಅವಳ ಎಕ್ಸ್‌ನ ದರ್ಜೆಗೂ, ಅಂದರೆ ಅವನನ್ನು ಅವನಿಂದಲೇ ಎಷ್ಟು ಸಲ ಗುಣಿಸಿದರೆ ಒಂದು ಬರುತ್ತದೋ ಆ ಸಂಖ್ಯೆಗೂ, ಅವಳು ಕಳಚಿದ ಪದರದ ಗಾತ್ರಕ್ಕೂ ಒಂದನ್ನು ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನವಿರಲಿಲ್ಲ. ಹಾಗಿದ್ದಾಗ ಅವಳು ಹೇಳಿದ್ದು ಅಪ್ಪಟ ನಿಜ. ಕ್ವಾಟರ್ನಿಯನ್ನಿನ ತಕರಾರು ಇಲ್ಲಿಗೆ ಅನ್ವಯಿಸುವುದೇ ಇಲ್ಲ. ಇದು ನನಗೆ ಕಂಡಿತು, ಅವಳಿಗೆ ಕಾಣಲಿಲ್ಲ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು, ಮುಂದಿನ ವಾರ ಪ್ರಮೇಯ ನನ್ನದಾಗುತ್ತಿತ್ತು. ನಿಂತೆ ಕೂಡ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಏನಮ್ಮಾ, ಉತ್ತರ ಇದೆಯಾ?" ಅಂತ ತಂಗಿಯನ್ನು ಕೇಳಿದರು.

"ಇಲ್ಲ ಸರ್. ಅಕ್ಕ ಹೇಳಿದ್ಮೇಲೆ ಮುಗೀತು," ಅಂದವಳೇ ಡಸ್ಟರ್ ಎತ್ತಿಕೊಂಡಳು.

ಒಂದು ಮಾತು ವಾದಿಸಬಾರದೇ? ನನ್ನ ಜೊತೆ ಜಗಳಕ್ಕೆ ಬರಬಾರದೇ? ಅವಳ ಕೈ ಮೊದಲ ಸಾಲಿನ ಮೇಲೆ ಆಡಿದಾಗ ನನ್ನ ಕರುಳಿಗೇ ಕೈ ಹಾಕಿದಂತಾಯಿತು. ಅದು ಅಷ್ಟು ಚೆಂದದ ಪ್ರೂಫ್.

"ಒರೆಸ್ಬೇಡ್ವೇ, ಪೆದ್ದಿ!" ಅಂತ ಕಿರುಚಿದೆ. ಹೋಗಿ ಸೀಮೆಸುಣ್ಣ ಕಿತ್ತುಕೊಂಡು ಕಾರಣವನ್ನು ನಾನೇ ಬರೆದೆ. ಬಂದು ಕೂತೆ. ಚಪ್ಪಾಳೆಯೆಲ್ಲ ಅವಳಿಗೆ ಬಿತ್ತು.

ಎಲ್ಲರೂ ಹೋದ ಮೇಲೆ ಮೆಟ್ಟಿಲ ಹತ್ತಿರ ಅವಳು ನನ್ನನ್ನು ತಡೆದಳು. ಕಣ್ಣು ಕೆಂಪಗಿತ್ತು.

"ಮೊದಲೇ ಗೊತ್ತಿತ್ತಾ ನಿಂಗೆ?"

"ಗೊತ್ತಾಗಿ ಸ್ವಲ್ಪ ಹೊತ್ತು ಸುಮ್ನಿದ್ದೆ. ಹೊಟ್ಟೆಕಿಚ್ಚು ಕಣೇ."

ಬೈಯುತ್ತಾಳೆ ಅಂದುಕೊಂಡೆ. ಅವಳು ಗೋಡೆಗೊರಗಿ ನಿಂತಳು.

"ತಿಂಗಳುಗಟ್ಟಲೆ ಆ ಸಾಲು ದಿನಾ ನೋಡಿದೀನಿ. ಯಾಕೆ ನಿಜ ಅಂತ ನಂಗೇ ಗೊತ್ತಿರ್ಲಿಲ್ಲ. ನಿಂಗೆ ನಿಂತಲ್ಲೇ ಹೊಳೀತು. ನಂಗೆಷ್ಟು ಉರೀತಿದೆ ಗೊತ್ತಾ ಅಕ್ಕ? ಈ ಪ್ರಮೇಯ ನಂದು ಅಂತ ಅನ್ನಿಸ್ತಾನೇ ಇಲ್ಲ."

ಅಕ್ಕನಾದವಳು ಸಮಾಧಾನ ಹೇಳಬೇಕಿತ್ತು. ನಾನು, "ಇನ್ನೊಂದ್ಸಲ ಹೇಳು," ಅಂದೆ.