ಎರಡು ಮೀಟರ್ ಕೆಳಗಿನ ಸೆನ್ಸರ್

ಮುಚ್ಚಿದ ಗಣಿಯ ಕಸದ ಗುಡ್ಡಕ್ಕೆ ಎರಡು ಮೀಟರ್ ಮಣ್ಣು ಹೊದಿಸಿ ಹುಲ್ಲು ಬೆಳೆಸಿದ್ದರು. ನೋಡಲು ಚೆಂದವೋ ಚೆಂದ! ಮಳೆನೀರು ಆ ಮಣ್ಣು ದಾಟಿ ಕೆಳಗಿಳಿದರೆ ಮಾತ್ರ ಗುಡ್ಡದ ವಿಷವೆಲ್ಲ ತಗ್ಗಿನ ಕಾಲೊನಿಯ ಬಾವಿಗೆ. ಹಾಗೇನಾದರೂ ಆದರೆ ಗಣಿ ಕಂಪನಿ ಮನೆಮನೆಗೂ ನಲ್ಲಿ ಹಾಕಿಸಬೇಕೆಂದು ಒಪ್ಪಂದವಿತ್ತು. ನೀರು ಇಳಿದಿದೆಯೋ ಇಲ್ಲವೋ ಹೇಳಬೇಕಾದದ್ದು ಮಣ್ಣಿನ ತೇವ ಅಳೆಯುವ ಸೆನ್ಸರ್‌ಗಳು; ಅವನ್ನು ಹೂತಿಟ್ಟವಳು ಕಂಪನಿಯಲ್ಲೇ ಕೆಲಸಕ್ಕಿದ್ದ ಹುಡುಗಿ.

ಈ ಮಳೆಗಾಲ ತಳದ ಸೆನ್ಸರ್ ಬಾಯಿಬಿಟ್ಟಿತು. ಒಂದಲ್ಲ ಎರಡಲ್ಲ, ನಲವತ್ತು ದಿನ ತೇವ. ಅವಳು ಏದುಸಿರು ಬಿಡುತ್ತ ಓಡಿದ್ದು ಮ್ಯಾನೇಜರ್ ಕೋಣೆಗೆ. ಮ್ಯಾನೇಜರ್ ಎಂದರೆ ಒಡಹುಟ್ಟಿದ ಅಣ್ಣ. ಗುಂಡಿ ತೋಡಿ, ಸೆನ್ಸರ್ ಇಟ್ಟು, ಕೂದಲೆಳೆಯಷ್ಟೂ ಸಂದಿ ಬಿಡದೆ ಮಣ್ಣು ಬಡಿಯುವುದನ್ನು ಅವಳಿಗೆ ಕಲಿಸಿದವನೂ ಅವನೇ.

"ಮಣ್ಣು ಸಡಿಲ ಬಿಟ್ಟಿರ್ತೀಯ ಪುಟ್ಟಿ, ಅದಕ್ಕೇ ಏನೇನೋ ತೋರಿಸ್ತಿದೆ. ಕಿತ್ತು ನೋಡು."

"ಅಯ್ಯೋ, ನಾಳಿದ್ದು ಸೆನ್ಸರ್ ನೋಡೋಕೆ ಸರ್ಕಾರದ ಇನ್‌ಸ್ಪೆಕ್ಟರ್ ಬರ್ತಾರಲ್ಲ! ಇಟ್ಟ ಜಾಗದಿಂದ ಕಿತ್ತ ಸೆನ್ಸರ್ ಲೆಕ್ಕಕ್ಕಿಲ್ಲ ಅಂತ ನೀನೇ ಹೇಳ್ಕೊಟ್ಟಿದ್ದು."

"ಸರಿಯಾಗಿದ್ರೆ ನಾನೇ ಸಾಕ್ಷಿ ಹೇಳ್ತೀನಿ ಕಣೇ. ಅಣ್ಣನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

ಈ ಮಾತಿಗೆ ಯಾವ ತಂಗಿ ತಾನೇ ಇಲ್ಲ ಎಂದಾಳು? ಮರುದಿನ ಬೆಳಿಗ್ಗೆಯಿಂದ ಸನಿಕೆ ಹಿಡಿದು ಅಗೆದಳು. ಅಂಗೈ ಬೊಬ್ಬೆ ಎದ್ದಿತು. ತಳದ ಮಣ್ಣು ಸೆನ್ಸರ್‌ಗೆ ಗಚ್ಚಿನಂತೆ ಕಚ್ಚಿಕೊಂಡಿತ್ತು, ಎಲ್ಲೂ ಸಂದಿಯಿಲ್ಲ. ಮೇಲೆತ್ತಿದ್ದೇ ತಡ, ಧೋ ಎಂದು ಮಳೆ ಸುರಿದು ಗುಂಡಿಯೇ ತುಂಬಿಹೋಯಿತು. ಇನ್ನು ಅಲ್ಲಿ ಯಾವ ನೀರು ಯಾವಾಗಿನದೆಂದು ಯಾರಿಗೂ ತೋರಿಸುವಂತಿರಲಿಲ್ಲ.

ಪರವಾಗಿಲ್ಲ, ಅಣ್ಣ ಇದ್ದಾನಲ್ಲ ಎಂದುಕೊಂಡಳು. ಸೆನ್ಸರ್ ತೊಳೆದು ಬಕೆಟ್ ನೀರಿಗೆ ಇಳಿಸಿದಳು: ಸರಿಯಾದ ಅಂಕಿ. ಒಣ ಮರಳಿಗೆ ಚುಚ್ಚಿದಳು: ಅದೂ ಸರಿ. ಕೆಸರುಗಾಲಲ್ಲೇ ಮ್ಯಾನೇಜರ್ ಕೋಣೆಗೆ ನುಗ್ಗಿದಳು.

ಅಣ್ಣ ಒಂದು ಹಾಳೆಯನ್ನು ಅವಳತ್ತ ತಳ್ಳಿದ. 'ತಪ್ಪಾಗಿ ಹೂತಿದ್ದರಿಂದ ತಳದ ಸೆನ್ಸರ್ ಕೆಟ್ಟಿತ್ತು, ತೆಗೆಯಲಾಗಿದೆ.' ಹೂತವರು ಎಂಬಲ್ಲಿ ಅವಳ ಹೆಸರು. ಕೆಳಗೆ ನಿನ್ನೆಯ ತಾರೀಕು. ನಿನ್ನೆ ಅವಳಿನ್ನೂ ಸನಿಕೆಯನ್ನೇ ಮುಟ್ಟಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದಳೇನೋ. ಇವನು ಅಣ್ಣ.

"ಅದು ಕೆಟ್ಟಿಲ್ಲ ಅಣ್ಣಾ! ಬೇಕಾದ್ರೆ ಬಂದು ನೋಡು!"

"ಗೊತ್ತು ಪುಟ್ಟಿ," ಎಂದ, ತಲೆಯೆತ್ತದೆ. "ಕೆಟ್ಟಿದ್ದಿದ್ರೆ ಕೀಳು ಅಂತ ಯಾಕೆ ಹೇಳ್ತಿದ್ದೆ?"