ಎಪ್ಪತ್ತೆಂಟು ಪಾಯಿಂಟ್ ನಾಲ್ಕು

ನಾಲ್ಕನೆಯ ತೂಕದ ಬಟ್ಟೂ ಏರಿತು, ಇಪ್ಪತ್ತು ಕೆಜಿಯ ಕಬ್ಬಿಣ, ಹಿಡಿಕೆಯ ಹತ್ತಿರ ಬಣ್ಣ ಸವೆದು ಹೊಳೆಯುತ್ತಿದೆ, ತಪಾಸಣೆಗೆ ಬಂದವನು ಸೊಂಟ ಹಿಡಿದುಕೊಂಡು ನೆಟ್ಟಗಾಗುತ್ತಾನೆ, ತೂಕದ ಯಂತ್ರದ ಹಸಿರು ಅಂಕಿಗಳು ಒಂದಿಷ್ಟು ತಡವರಿಸಿ ನಿಲ್ಲುತ್ತವೆ — ಎಪ್ಪತ್ತೆಂಟು ಪಾಯಿಂಟ್ ಎರಡು. ಎಂಬತ್ತು ತೋರಿಸಬೇಕಿತ್ತು. ನೋಡಿ ಮೇಡಂ, ಹತ್ತಿರ ಹತ್ತಿರ ಎರಡು ಕೆಜಿ ನುಂಗ್ತಾ ಇದೆ, ಎಷ್ಟು ದಿನದಿಂದಲೋ, ಇದರ ಮೇಲೆ ಹತ್ತಿದವರೆಲ್ಲ ಖುಷಿಯಾಗಿ ಇಳಿದಿರ್ತಾರೆ ಬಿಡಿ, ಎಂದು ನಗುತ್ತಾನೆ, ಅವಳೂ ನಗಬೇಕು, ಸಹಿ ಹಾಕಬೇಕು, ಇಪ್ಪತ್ತೆರಡು ವರ್ಷದಿಂದ ಈ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಂಥ ಚೀಟಿಗಳಿಗೆ ಸಹಿ ಹಾಕುತ್ತ ಬಂದವಳು, ಹಾಕುತ್ತಾಳೆ, ಕೈ ಸಹಿ ಮುಗಿಸುವಷ್ಟರಲ್ಲಿ ತಲೆ ಕೂಡಿಸಿ ಮುಗಿಸಿರುತ್ತದೆ, ಬೆಳಿಗ್ಗೆ ತಾನು ಹತ್ತಿದಾಗ ಎಪ್ಪತ್ತಾರು ಪಾಯಿಂಟ್ ಆರು, ಅದಕ್ಕೆ ಒಂದು ಪಾಯಿಂಟ್ ಎಂಟು ಸೇರಿಸು, ಎಪ್ಪತ್ತೆಂಟು ಪಾಯಿಂಟ್ ನಾಲ್ಕು, ಅಂದರೆ ಮೂರು ವಾರದ ಹಿಂದೆ, ಮೊದಲ ದಿನ, ಮನೆಯ ಯಂತ್ರದಲ್ಲಿ ಇದ್ದಷ್ಟೇ, ಒಂದು ಗ್ರಾಮೂ—

ಮೇಜಿಗೆ ಬಂದು ಕೂರುತ್ತಾಳೆ, ರಕ್ತದ ನಳಿಕೆಗಳು ಯಂತ್ರದೊಳಗೆ ಗಿರ್ರನೆ ತಿರುಗುತ್ತಿವೆ, ಹತ್ತು ನಿಮಿಷ ಬಿಡುವು, ಡ್ರಾಯರಿನಿಂದ ಗ್ರಾಫ್ ಹಾಳೆ, ಹನ್ನೆರಡು ವಾರ, ಎಂಟು ಕೆಜಿ, ಸ್ಕೇಲು ಇಟ್ಟು ಎಳೆದ ಇಳಿಜಾರು ಗೆರೆ, ಪಕ್ಕದಲ್ಲಿ ದಿನಕ್ಕೊಂದು ಪೆನ್ಸಿಲ್ ಚುಕ್ಕಿ — ಮೊದಲ ಏಳು ಇರುವೆ ಸಾಲಿನಂತೆ ನೇರ, ಎಂಟನೆಯದು ದಿಢೀರನೆ ಕೆಳಗೆ. ಎಂಥ ಸಂತೋಷ ಆ ದಿನ. ಏಳು ದಿನವೂ ಮನೆಯ ಯಂತ್ರ ಅದೇ ಅಂಕಿ ತೋರಿಸಿದ್ದಕ್ಕೆ ಇದು ಹಳೆಯದು, ಕೆಟ್ಟಿದೆ ಎಂದು ತೀರ್ಮಾನಿಸಿ ಆಸ್ಪತ್ರೆಯದಕ್ಕೆ ಬದಲಾಯಿಸಿದ್ದಳು, ಕುಣಿಯಲಾರದವಳಿಗೆ ನೆಲ ಡೊಂಕು, ಪ್ರಯೋಗದ ಮಧ್ಯೆ ಉಪಕರಣ ಬದಲಾಯಿಸಬೇಡಿ ಎಂದು ತರಬೇತಿಗೆ ಬಂದವರಿಗೆಲ್ಲ ಬಾಯಿ ನೋಯುವಂತೆ ಹೇಳುವವಳು ಇವಳೇ. ನಿಮ್ಮ ಲಿವರಿನ ತುಂಡು ತಮ್ಮನಿಗೆ ಹೊಂದುತ್ತೆ ಮೇಡಂ, ಆದ್ರೆ ಅದರಲ್ಲಿ ಕೊಬ್ಬು ಜಾಸ್ತಿ, ಈಗ ಕತ್ತರಿಸಿದ್ರೆ ಇಬ್ಬರಿಗೂ ಅಪಾಯ, ಎಂಟು ಕೆಜಿ ಇಳಿಸ್ಕೊಂಡು ಬನ್ನಿ, ಹನ್ನೆರಡು ವಾರ ಕಾಯಬಹುದು, ಅದಕ್ಕಿಂತ ಮುಂದಕ್ಕೆ ನಾನು ಮಾತು ಕೊಡಲ್ಲ, ಎಂದಿದ್ದರು ಸರ್ಜನ್, ಮೂರು ವಾರದ ಹಿಂದೆ. ಪಕ್ಕದ ಕುರ್ಚಿಯಲ್ಲೇ ತಮ್ಮ ಇದ್ದ, ಡಾಕ್ಟ್ರೇ, ನಮ್ಮಕ್ಕನಿಗೆ ಕೊಬ್ಬು ಅಂತ ನಾನು ಎರಡನೇ ಕ್ಲಾಸಿಂದ ಹೇಳ್ತಾ ಇದೀನಿ, ಯಾರೂ ನಂಬಲಿಲ್ಲ, ಹಳದಿ ಕಣ್ಣು ಅರಳಿಸಿ ನಕ್ಕ. ಸರ್ಜನ್ ನಗದೆ ಬಗ್ಗಿ ಅವನ ಕಣಕಾಲಿಗೆ ಹೆಬ್ಬೆರಳು ಒತ್ತಿ ತೆಗೆದರು, ನೀರು ತುಂಬಿ ಊದಿದ ಚರ್ಮದಲ್ಲಿ ಗುಳಿ ಬಿತ್ತು, ಅವಳು ಅಭ್ಯಾಸಬಲದಿಂದ ಎಣಿಸಿದಳು, ಹನ್ನೆರಡು ಸೆಕೆಂಡಿಗೆ ತುಂಬಿಕೊಂಡಿತು.

ಹೊಸ ಹಾಳೆ. ಉಳಿದದ್ದು ಒಂಬತ್ತು ವಾರ, ವಾರಕ್ಕೆ ಒಂಬೈನೂರು ಗ್ರಾಮಿನ ಹತ್ತಿರ. ಬೆಳಿಗ್ಗೆ ಐದಕ್ಕೆ ಎದ್ದು ಐವತ್ತು ನಿಮಿಷ ನಡಿಗೆ — ಹಳೆಯ ಹಾಳೆಯಲ್ಲೂ ಹೀಗೇ ಇತ್ತು, ಇಪ್ಪತ್ತೊಂದು ದಿನದಲ್ಲಿ ನಡೆದದ್ದು ಒಂಬತ್ತು, ನಿಜ ಹೇಳು, ಏಳು, ಉಳಿದೆರಡು ದಿನ ಬೂಟು ಕಟ್ಟಿಕೊಂಡು ಐದೇ ನಿಮಿಷ ಎಂದು ಸೋಫಾಕ್ಕೆ ಒರಗಿದವಳಿಗೆ ಎಚ್ಚರವಾದಾಗ ಬಸ್ಸಿನ ಹೊತ್ತು. ಹಿಮ್ಮಡಿಯಲ್ಲಿ ಮುಳ್ಳು ಮುರಿದಂಥ ನೋವು, ನಲವತ್ತೇಳು ವರ್ಷ, ಅದರಲ್ಲಿ ಅರ್ಧ ನಿಂತೇ ಕಳೆದದ್ದು, ನಿಂತರೆ ಯಾಕೆ ಕರಗುವುದಿಲ್ಲವೋ. ಲಿಫ್ಟ್ ಬೇಡ, ಲ್ಯಾಬಿಗೆ ತೊಂಬತ್ತಾರು ಮೆಟ್ಟಿಲು, ದಿನಕ್ಕೆ ಮೂರು ಸಲ, ಲೆಕ್ಕ ಹಾಕಿದರೆ ನಲವತ್ತು ಚಿಲ್ಲರೆ ಕ್ಯಾಲೊರಿ, ಎರಡು ಬಿಸ್ಕತ್ತು ಕೂಡ ಅಲ್ಲ, ಆದರೂ ಬರೆ. ಬಿಸ್ಕತ್ತು ಬೇಡ ಎಂದೂ ಬರೆ. ನಡಿಗೆಯನ್ನು ಇಪ್ಪತ್ತೈದರ ಎರಡು ಭಾಗ ಮಾಡು, ಒಂದು ಬೆಳಿಗ್ಗೆ, ಇನ್ನೊಂದು ಸಂಜೆ ಬಸ್ಸಿನಿಂದ ಎರಡು ಸ್ಟಾಪು ಮೊದಲೇ ಇಳಿದು, ನಡೆಯಲಾರದವಳ ಕೈಲಿ ಆಗುವಂಥದ್ದು ಬರೆ. ಅಲ್ಲೂ ತಮ್ಮನ ಕಾಲಿನ ಗುಳಿ ಕಾಣುತ್ತದೆ, ಹಾಳೆಯ ಖಾಲಿ ಚೌಕದೊಳಗೆ. ಸಂಜೆ ತಮ್ಮನ ಹೆಂಡತಿಯ ಫೋನ್ ಬರುತ್ತದೆ, ಅತ್ತಿಗೆ, ಇವತ್ತು ಎಷ್ಟಾಯ್ತು ಎಂದು, ನಿನ್ನೆ ಇವಳು ಒಟ್ಟು ಒಂದು ಪಾಯಿಂಟ್ ಎಂಟು ಇಳಿದಿದೀನಿ ಕಣೇ ಎಂದಾಗ ಅವಳು ಅತ್ತ ತಿರುಗಿ ರೀ ಕೇಳಿದ್ರಾ ಎಂದಳು, ಮಂಚದ ಮೇಲಿನಿಂದ ಚಪ್ಪಾಳೆ ಕೇಳಿಸಿತು, ಎರಡೇ ಎರಡು, ಮೂರನೆಯದಕ್ಕೆ ಶಕ್ತಿ ಇರಲಿಲ್ಲವೋ ಏನೋ. ಇವತ್ತು ಏನು ಹೇಳುವುದು, ಯಂತ್ರ ಸುಳ್ಳು ಹೇಳಿತು ಎಂದೇ, ಯಂತ್ರ ಹೇಳಿದ್ದನ್ನು ನಂಬಬೇಕೆಂದು ಹುಡುಕಿಕೊಂಡು ಹೋದವಳು ಯಾರು, ಹೇಳಬೇಕು, ಸೊನ್ನೆ ಎಂದೇ ಹೇಳಬೇಕು, ಮೊದಲ ಸಾಲಿನಲ್ಲಿ ಎಪ್ಪತ್ತೆಂಟು ಪಾಯಿಂಟ್ ನಾಲ್ಕು ಎಂದು ಬರೆಯುತ್ತಾಳೆ, ಎರಡನೆಯ ಸಾಲಿಗೆ ನಾಳೆಯ ತಾರೀಕು, ಐದು ಗಂಟೆ, ಪೆನ್ಸಿಲ್ ಮುಂದಕ್ಕೆ ಹೋಗುವುದಿಲ್ಲ, ಹೋದ ಭಾನುವಾರ ತಮ್ಮನೇ ಕಾಲು ಚಾಚಿದ್ದ, ಅಕ್ಕ ನೀನೇ ಒತ್ತಿ ನೋಡು, ನಿನ್ನ ಲೆಕ್ಕ ತಪ್ಪಲ್ಲ, ಅವಳು ಒತ್ತಿದಳು, ಬೆರಳು ತೆಗೆದಳು, ಅವನು ಏನೋ ಹೇಳುತ್ತಲೇ ಇದ್ದ, ಹನ್ನೆರಡು, ಇಪ್ಪತ್ತು, ಮೂವತ್ತೈದು, ಅವನ ಕಣಕಾಲಿನ ಮೇಲೆ ತನ್ನದೇ ಹೆಬ್ಬೆರಳಿನಗಲದ ಗುಳಿ, ಅಂಚು ಬಿಳಿಚಿಕೊಂಡಿದೆ, ಐವತ್ತು, ಐವತ್ತೊಂದು, ಇನ್ನೂ ತುಂಬಿಲ್ಲ.