ಮೊದಲು ಹೋಗಬೇಕಾದ ಸೂಜಿ

ಎಲ್ಲರ ಬಾಯಲ್ಲೂ ಅವಳು ಮಾತ್ರೆ ಅಕ್ಕ. ಔಷಧಿ ಅಂಗಡಿಯಲ್ಲಿ ಹದಿನೆಂಟು ವರ್ಷ ನಿಂತು ಕಾಲು ಸವೆಸಿದವಳು. ಚೀಟಿ ಇಲ್ಲದೆ ಸ್ಟೀರಾಯ್ಡ್ ಕೇಳಿಕೊಂಡು ಬಂದವರಿಗೆ ಚಳಿ ಬಿಡಿಸಿ ಕಳಿಸುತ್ತಿದ್ದಳು. "ಸೋಂಕಿದ್ದಾಗ ಇದನ್ನ ತಗೊಂಡ್ರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ" ಎನ್ನುವುದು ಅವಳ ಬಾಯಿಪಾಠ.

ಅಂಥವಳ ಎಂಟು ವರ್ಷದ ಮಗಳು ಈಗ ಆಸ್ಪತ್ರೆಯ ಹಾಸಿಗೆಯಲ್ಲಿ ಕತ್ತು ಬಗ್ಗಿಸಲಾರದೆ ನರಳುತ್ತಿದ್ದಳು. ಬೆಳಿಗ್ಗೆ ಮಗಳಿಗೆ ವಿಪರೀತ ಜ್ವರ ಎಂದು ಶಾಲೆಯಿಂದ ಫೋನ್ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ, ಮಿದುಳಿನ ಪೊರೆಗೆ ಸೋಂಕು ತಗುಲಿದೆ ಎಂದುಬಿಟ್ಟಿದ್ದರು.

ನರ್ಸ್ ತಟ್ಟೆಯಲ್ಲಿ ಎರಡು ಸಿರಿಂಜ್ ತಂದಳು, ಪಕ್ಕದಲ್ಲೇ ಖಾಲಿ ಸೀಸೆಗಳು. ಅಂಗಡಿಯವಳ ಚಾಳಿ ಎಲ್ಲಿ ಹೋದೀತು? ಸೀಸೆಯ ಮೇಲಿನ ಹೆಸರು ಓದಿದ್ದೇ ತಡ, ನರ್ಸಿನ ಮಣಿಕಟ್ಟು ಹಿಡಿದುಕೊಂಡಳು.

"ಇದು ಸ್ಟೀರಾಯ್ಡ್. ನನ್ನ ಮಗೂಗೆ ಬೇಡ. ಆ್ಯಂಟಿಬಯಾಟಿಕ್ ಒಂದೇ ಹಾಕಿ."

"ಇದು ಮೊದಲು ಹೋಗ್ಬೇಕಮ್ಮ. ಆಮೇಲೆ ಅದು."

"ನಂಗೆ ಹೇಳ್ಕೊಡ್ಬೇಡಿ ಸಿಸ್ಟರ್. ನಾನು ಮಾರೋದೇ ಇದನ್ನ."

ಏನೂ ತಿಳಿಯದವಳಿಗೆ ಹೇಳಬಹುದು, ಅರ್ಧ ತಿಳಿದ ಪುಣ್ಯಾತಗಿತ್ತಿಗೆ ಹೇಳುವವರು ಯಾರು? ನರ್ಸ್ ಡಾಕ್ಟರಮ್ಮನನ್ನು ಕರೆಯಲು ಓಡಿದಳು. ಅವರು ಇನ್ನೊಂದು ವಾರ್ಡಿನಿಂದ ಬರುವಷ್ಟರಲ್ಲಿ ಹನ್ನೆರಡು ನಿಮಿಷ ಕಳೆದಿತ್ತು. ಅಷ್ಟೂ ಹೊತ್ತು ಅಮ್ಮ ಹಾಸಿಗೆಗೆ ಅಡ್ಡಲಾಗಿ ನಿಂತೇ ಇದ್ದಳು.

"ನಿಮ್ಮ ಮಾತು ಅಂಗಡೀಲಿ ಸರಿ, ಇಲ್ಲಿ ಸರಿಯಲ್ಲ" ಎಂದರು ಡಾಕ್ಟರಮ್ಮ. "ಆ್ಯಂಟಿಬಯಾಟಿಕ್ ಬಿದ್ದ ಕೂಡ್ಲೆ ಬ್ಯಾಕ್ಟೀರಿಯಾ ಒಡೆದು ಸಾಯ್ತವೆ. ಅವುಗಳ ಒಳಗಿನ ವಿಷವೆಲ್ಲ ಒಟ್ಟಿಗೇ ಹೊರಗೆ ಬಂದು ಊತ ಜಾಸ್ತಿಯಾಗತ್ತೆ. ಆ ಊತಕ್ಕೆ ಕಿವಿ ಹೋಗ್ಬಿಡಬಹುದು. ಅದನ್ನ ತಡೆಯೋಕೇ ಮೊದಲು ಈ ಸ್ಟೀರಾಯ್ಡ್. ಎರಡನ್ನೂ ತಡ ಮಾಡೋ ಹಾಗಿಲ್ಲ."

ಅವಳು ಹಾಸಿಗೆ ಬಿಟ್ಟು ಪಕ್ಕಕ್ಕೆ ಸರಿದಳು. "ಹಾಕಿ. ಬೇಗ ಹಾಕಿ" ಎಂದಳು.

ಎರಡೂ ಹೋದವು, ಹೋಗಬೇಕಾದ ಕ್ರಮದಲ್ಲೇ. ಮೂರನೆಯ ದಿನ ಜ್ವರ ಇಳಿಯಿತು. ಮಗಳು ಎರಡು ಗುಟುಕು ಹಾಲು ಕುಡಿಯುವಳು, ಮತ್ತೆ ನಿದ್ದೆಗೆ ಜಾರುವಳು. ಅಮ್ಮ ಮಾತ್ರ ಒಮ್ಮೆಯೂ ಅವಳನ್ನು ಕೂಗಿ ಕರೆಯಲಿಲ್ಲ. ಕರೆದು, ಅವಳು ಓಗೊಡದಿದ್ದರೆ? ಲೋಟವನ್ನೂ ಸನ್ನೆ ಮಾಡಿಯೇ ಬಾಯಿಗೆ ಹಿಡಿಯುತ್ತಿದ್ದಳು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವಳು ಉಣ್ಣಲಿ, ಮಗು ಏನು ಮಾಡಿತ್ತು?

ನಾಲ್ಕನೆಯ ದಿನ ಬೆಳಿಗ್ಗೆ ಡಾಕ್ಟರಮ್ಮ ಬಂದು, ಸಂಜೆ ಕಿವಿ ಪರೀಕ್ಷೆ ಮಾಡುವುದಾಗಿ ಹೇಳಿ ಹೋದರು. ಅವರು ಅತ್ತ ಹೋದ ಮೇಲೆ ಇವಳಿಗೆ ತಡೆಯಲಾಗಲಿಲ್ಲ. ಮಗಳು ಕಣ್ಣು ಮುಚ್ಚಿ ಅಂಗಾತ ಮಲಗಿದ್ದಳು. ಎಡಗಡೆ ಸ್ಟೂಲಿನ ಮೇಲೆ ಕೂತಿದ್ದ ಅಮ್ಮ ಬಗ್ಗಿ, ಆ ಕಿವಿಯ ಹತ್ತಿರ ಬಾಯಿಟ್ಟಳು.

"ತಪ್ಪಾಯ್ತು ಪುಟ್ಟಿ. ನಂಗೆಲ್ಲಾ ಗೊತ್ತು ಅನ್ಕೊಂಡಿದ್ದೆ."

ಕೆನ್ನೆಗೆ ಉಸಿರು ತಾಗಿ ಮಗಳು ಕಣ್ಣು ಬಿಟ್ಟಳು.

"ಏನೋ ಹೇಳ್ದೆ ಅಲ್ವಾಮ್ಮಾ? ಆ ಕಿವಿ ಕೇಳಿಸ್ತಾ ಇಲ್ಲ. ಈ ಕಡೆ ಬಂದು ಹೇಳು."

ಅಮ್ಮ ಮಂಚದ ಸರಳು ಹಿಡಿದುಕೊಂಡೇ ಸುತ್ತಿ ಬಂದಳು. ಬಲಗಿವಿಗೆ ಅದೇ ಮಾತನ್ನು ಪಿಸುಗುಟ್ಟಿದಳು.

"ಯಾವುದಕ್ಕೆ ತಪ್ಪಾಯ್ತು?" ಎಂದು ಕೇಳಿದಳು ಮಗಳು.